ಜೋಡಿ ಸ್ಲೈಡ್ ನೋಡಿದರೆ ಕಣ್ಣು ಎಳೆಯುತ್ತಿದೆಯೇ? ನಾಲ್ಕು ಮೂಲೆ ಅಳೆದು ನೋಡಿ

ಆಳ ಕಾಣುವ ಸ್ಟೀರಿಯೊ ಚಿತ್ರಕ್ಕೆ 4×5 ಇಂಚಿನ ಸ್ಲೈಡ್ ಫಿಲ್ಮಿನಲ್ಲಿ ಒಂದೇ ದೃಶ್ಯವನ್ನು ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಒಂದು ಶೀಟ್ ತೆಗೆಯುತ್ತೀರಿ. ಎರಡನ್ನೂ ವ್ಯೂವರಿನಲ್ಲಿಟ್ಟು ನೋಡಿದರೆ ಬಾದಾಮಿಯ ಕೆಂಪು ಬಂಡೆ ಮೈತುಂಬಿಕೊಂಡು ಎದುರಿಗೆ ನಿಲ್ಲಬೇಕು. ಕೆಲವು ಸಲ ನಿಲ್ಲುವುದೇ ಇಲ್ಲ. ಕಣ್ಣು ಎಳೆದಂತಾಗುತ್ತದೆ, ಒಂದೇ ಕಂಬ ಎರಡಾಗಿ ಕಾಣುತ್ತದೆ, ಇಲ್ಲವೇ ಎಲ್ಲ ಸರಿ ಇದ್ದಂತೆ ಅನಿಸಿದರೂ ಆಳ ಇರುವುದಿಲ್ಲ. ಆಗ ಜಾಸ್ತಿ ಜನ ಶೀಟನ್ನು ಆ ಕಡೆ ಈ ಕಡೆ ಸರಿಸುತ್ತಾ ಕೂರುತ್ತಾರೆ. ಸರಿಸಿ ಸರಿಸಿ ಅವರ ಕಣ್ಣೇ ಆ ದೋಷಕ್ಕೆ ಒಗ್ಗಿಕೊಳ್ಳುತ್ತದೆ, ದೋಷ ಅಲ್ಲೇ ಉಳಿಯುತ್ತದೆ, ಮರುದಿನ ಮನೆಗೆ ಬಂದವರಿಗೆ ತೋರಿಸಿದರೆ ಪಾಪ ಅವರಿಗೆ ತಲೆನೋವು.

ಸರಿಸುವ ಮೊದಲು ಅಳೆಯಿರಿ. ಲೈಟ್ ಬಾಕ್ಸ್ ಮೇಲೆ ಜೋಡಿ ಇಟ್ಟು ನಾಲ್ಕು ಮೂಲೆ ಅಳೆದರೆ ತಪ್ಪು ಎಲ್ಲಿ ಹುಟ್ಟಿತು ಅಂತ ಆ ಅಂಕಿಗಳೇ ತೋರಿಸುತ್ತವೆ. ಅಲ್ಲಿಗೆ ಬರುವ ಮುಂಚೆ ಎರಡು ಸಣ್ಣ ಪರೀಕ್ಷೆ ಇವೆ. ಕೆಳಗೆ ಹೇಳಿದ್ದೆಲ್ಲ 150 ಮಿ.ಮೀ. ಲೆನ್ಸ್, ಒಂದೇ ಕ್ಯಾಮೆರಾ, ಅದನ್ನು ಪಟ್ಟಿಯ ಮೇಲೆ ಜಾರಿಸಿ ಎರಡು ಶೀಟ್ ತೆಗೆಯುವ ಪದ್ಧತಿ, ನೋಡಲು ಕನ್ನಡಿಯ ವ್ಯೂವರ್, ಇಷ್ಟನ್ನು ಇಟ್ಟುಕೊಂಡು ಬರೆದದ್ದು.

ಮೊದಲು: ತಪ್ಪು ಫಿಲ್ಮಿನದೋ, ವ್ಯೂವರಿನದೋ?

ಮೊದಲು ನಿಮ್ಮ ಕಣ್ಣು. ಕನ್ನಡಕ ಇದ್ದರೆ ಹಾಕಿಕೊಂಡೇ ನೋಡಿ. ಎಡಗಣ್ಣು ಮುಚ್ಚಿ, ಆಮೇಲೆ ಬಲಗಣ್ಣು ಮುಚ್ಚಿ, ಎರಡೂ ಸಲ ಚಿತ್ರ ಒಂದೇ ಸಮ ಚೂಪಾಗಿ ಕಾಣಬೇಕು. ಒಂದು ಕಣ್ಣಿನ ದೃಷ್ಟಿ ತೀರಾ ಕಡಿಮೆ ಇದ್ದವರಿಗೆ ಆಳ ಕಾಣುವುದು ಕಷ್ಟ. ಹಾಗಾಗಿ ಮನೆಯ ಇನ್ನೊಬ್ಬರಿಗೂ ತೋರಿಸಿ.

ಆಮೇಲೆ ಅದಲು ಬದಲು ಪರೀಕ್ಷೆ. ಎಡ ಶೀಟನ್ನು ಬಲಕ್ಕೆ, ಬಲ ಶೀಟನ್ನು ಎಡಕ್ಕೆ ಇಡಿ. ಆಳ ತಿರುಗುಮುರುಗಾಗುತ್ತದೆ, ಅದನ್ನು ಸದ್ಯಕ್ಕೆ ಬಿಡಿ. ನೀವು ನೋಡಬೇಕಾದ್ದು ಮಬ್ಬು, ಕಪ್ಪು, ಬಣ್ಣದ ಛಾಯೆ, ಜೋಡಿ ಗೆರೆ ಇಂಥವು ಯಾವ ಕಡೆಗೆ ಹೋದವು ಅಂತ. ದೋಷ ಶೀಟಿನ ಜೊತೆ ಇನ್ನೊಂದು ಬದಿಗೆ ಹೋಯಿತೇ, ಫಿಲ್ಮಿನದು. ಎಡಕ್ಕೆ ಇದ್ದದ್ದು ಎಡಕ್ಕೇ ಉಳಿಯಿತೇ, ವ್ಯೂವರಿನದು. ಎರಡು ನಿಮಿಷದ ಕೆಲಸ ಇದು, ಆದರೆ ಇದನ್ನು ಬಿಟ್ಟು ಕ್ಯಾಮೆರಾ ಬಿಚ್ಚಲು ಹೋಗುವವರೇ ಜಾಸ್ತಿ.

ವ್ಯೂವರಿನ ದೋಷ ಅಂತ ಖಾತ್ರಿಯಾದರೆ ಮೊದಲ ಅನುಮಾನ ಕನ್ನಡಿಯ ಮೇಲೆ. ನಮಗೆ ಕನ್ನಡಿ ಯಾಕೆ ಬೇಕು ಅಂದರೆ, ನಮ್ಮ ಎರಡು ಕಣ್ಣುಗಳ ನಡುವಿನ ಅಂತರ ಸುಮಾರು 65 ಮಿ.ಮೀ., ಆದರೆ ಅಡ್ಡ ಇಟ್ಟ ಒಂದು ಶೀಟಿನ ಅಗಲವೇ 125 ಮಿ.ಮೀ. ಹತ್ತಿರ. ಎರಡನ್ನೂ ಪಕ್ಕಪಕ್ಕ ಇಟ್ಟು ನೇರವಾಗಿ ನೋಡಲು ಆಗುವುದಿಲ್ಲ. 1838ರಲ್ಲಿ ಚಾರ್ಲ್ಸ್ ವ್ಹೀಟ್‌ಸ್ಟೋನ್ ತೋರಿಸಿದ ದಾರಿಯೇ ಇಲ್ಲಿ ಕೆಲಸಕ್ಕೆ ಬರುತ್ತದೆ: ಮೂಗಿನ ಮುಂದೆ ಓರೆಯಾಗಿ ಎರಡು ಕನ್ನಡಿ, ಎಡಬಲಕ್ಕೆ ಎದುರು ಬದುರಾಗಿ ಎರಡು ಚಿತ್ರ. ಮುಖ ನೋಡುವ ಸಾದಾ ಕನ್ನಡಿಯಲ್ಲಿ ಬೆಳ್ಳಿ ಲೇಪ ಗಾಜಿನ ಹಿಂದೆ ಇರುತ್ತದೆ. ಗಾಜಿನ ಮುಂಭಾಗವೂ ಸ್ವಲ್ಪ ಬೆಳಕು ಹಿಂದಿರುಗಿಸುವುದರಿಂದ ಪ್ರತಿ ಗೆರೆಯ ಪಕ್ಕ ಮಸುಕಾದ ಇನ್ನೊಂದು ಗೆರೆ ಬರುತ್ತದೆ. ನಮಗೆ ಬೇಕಾದ್ದು ಮುಂಭಾಗಕ್ಕೇ ಲೇಪ ಇರುವ ಕನ್ನಡಿ. ಗುರುತಿಸುವುದು ಸುಲಭ. ಉಗುರಿನ ತುದಿಯನ್ನು ಮೆಲ್ಲಗೆ ತಾಗಿಸಿ: ಉಗುರು ಮತ್ತು ಅದರ ಬಿಂಬದ ನಡುವೆ ಸಂದು ಕಂಡರೆ ಸಾದಾ ಕನ್ನಡಿ, ಎರಡೂ ಕೂಡಿಕೊಂಡರೆ ಬೇಕಾದ ಕನ್ನಡಿ. ಕಾಲೇಜುಗಳಲ್ಲಿ ಮೂಲೆಗೆ ಹಾಕಿದ ಹಳೇ ಓವರ್‌ಹೆಡ್ ಪ್ರೊಜೆಕ್ಟರಿನ ತಲೆಯಲ್ಲಿರುವ ಕನ್ನಡಿ ಸಾಮಾನ್ಯವಾಗಿ ಈ ಜಾತಿಯದು, ಅಳತೆಯೂ ಸಾಕಾಗುತ್ತದೆ. ಬಟ್ಟೆಯಿಂದ ಒರೆಸಬೇಡಿ, ಲೇಪ ಗೀಚಿಹೋಗುತ್ತದೆ. ಗಾಳಿ ಊದುವ ಬಲ್ಬ್ ಸಾಕು.

ಎರಡನೇ ಅನುಮಾನ ಬೆಳಕು. ಶೀಟಿನ ಹಿಂದೆ ಚಾವಣಿಗೆ ಹಾಕುವ ಎಲ್‌ಇಡಿ ಪ್ಯಾನಲ್ ಇಟ್ಟುಕೊಳ್ಳುವವರು ಎರಡನ್ನೂ ಒಂದೇ ಕಂಪನಿಯ ಒಂದೇ ಮಾದರಿಯವನ್ನು, ಒಂದೇ ಸಲ ತನ್ನಿ. ಒಂದು ಹಳದಿ ಕಡೆ, ಒಂದು ನೀಲಿ ಕಡೆ ಇದ್ದರೆ ಸ್ಲೈಡ್ ಎಷ್ಟೇ ಚೆನ್ನಾಗಿದ್ದರೂ ಬಂಡೆಯ ಬಣ್ಣ ಕಣ್ಣಲ್ಲಿ ನಿಲ್ಲದೆ ಮಿಣುಕುತ್ತದೆ.

ಮೂರನೆಯದು ಲೆನ್ಸ್. ಬಾದಾಮಿಯ ಚಿತ್ರದಲ್ಲಿ ಕೆಂಪು ಬಂಡೆ ಒಂದು ಪದರದಲ್ಲಿ, ಅದರ ಪಕ್ಕದ ಹಸಿರು ಗಿಡ ಇನ್ನೊಂದು ಪದರದಲ್ಲಿ ತೇಲಿದಂತೆ ಕಂಡರೆ ವ್ಯೂವರಿನಲ್ಲಿ ಒಂಟಿ ಗಾಜಿನ ಸಾದಾ ಮಸೂರ ಇದೆ ಅಂತ ಅರ್ಥ. ಅಂಥ ಮಸೂರದ ಅಂಚಿನಿಂದ ನೋಡಿದಾಗ ಕೆಂಪು ಒಂದಷ್ಟು, ನೀಲಿ ಇನ್ನಷ್ಟು ಬಾಗುತ್ತದೆ, ಆ ವ್ಯತ್ಯಾಸವನ್ನು ಕಣ್ಣು ಆಳ ಅಂತ ಓದಿಕೊಳ್ಳುತ್ತದೆ. ಎರಡು ಗಾಜು ಅಂಟಿಸಿದ ಅಕ್ರೋಮ್ಯಾಟ್ ಹಾಕಿ. ಅದು ಸಿಗುವವರೆಗೆ ಮಸೂರಗಳ ನಡುವಿನ ಅಂತರವನ್ನು ನಿಮ್ಮ ಕಣ್ಣಿನ ಅಂತರಕ್ಕೆ ಸರಿಯಾಗಿ ಇಟ್ಟರೂ ತಕ್ಕಮಟ್ಟಿಗೆ ತಗ್ಗುತ್ತದೆ. ಕನ್ನಡಿ ವ್ಯೂವರಿನಲ್ಲಿ ಮಸೂರದಿಂದ ಕನ್ನಡಿಗೆ, ಕನ್ನಡಿಯಿಂದ ಶೀಟಿಗೆ, ಈ ಎರಡೂ ದೂರ ಕೂಡಿ ಮಸೂರದ ಫೋಕಲ್ ದೂರಕ್ಕೆ ಸಮ ಬರಬೇಕು. ಎಡಕ್ಕೂ ಬಲಕ್ಕೂ ಬೇರೆ ಬೇರೆ ಬಂದರೆ ಒಂದು ಚಿತ್ರ ದೊಡ್ಡದು, ಒಂದು ಸಣ್ಣದು ಕಾಣುತ್ತದೆ.

ಆಳ ಉಲ್ಟಾ ಕಂಡರೆ

ಬಾಗಲಕೋಟೆಯ ಗೆಳೆಯರೊಬ್ಬರು ಫೋನ್ ಮಾಡಿದ್ದರು. "ಸರ, ಐಹೊಳಿ ದುರ್ಗದ ಗುಡಿದು ಜೋಡಿ ಭಾಳ ಚೊಲೊ ಬಂದೈತ್ರಿ. ಖರೆ ವ್ಯೂವರದಾಗ ಇಟ್ರ ಕಂಬ ಒಳಗ ಹೋಗಿ, ಹಿಂದಿನ ಗ್ವಾಡಿ ಮುಂದ ಬಂದಂಗ ಕಾಣತೈತ್ರಿ."

"ಚಿತ್ರದಾಗ ಎಲ್ಲೆರ ಅಕ್ಷರ ಅದಾವೇನ್ರಿ?"

"ಒಂದು ಬೋರ್ಡ್ ಐತ್ರಿ. ಅದೂ ಉಲ್ಟಾನ ಕಾಣತೈತಿ."

"ಹಂಗಾರ ಎಡ ಬಲ ಅದಲು ಬದಲು ಮಾಡಬ್ಯಾಡ್ರಿ. ಎರಡೂ ಶೀಟ್ ಇದ್ದಲ್ಲೇ ಮಗುಚಿ ಹಾಕ್ರಿ."

ಐದು ನಿಮಿಷದಲ್ಲಿ ಕಂಬ ಮುಂದೆ ಬಂತು. ಇದನ್ನು ಹಿಡಿಯಲು ಎರಡೇ ಪ್ರಶ್ನೆ ಸಾಕು: ಆಳ ಸರಿ ಇದೆಯೇ, ಅಕ್ಷರ ಸರಿ ಇದೆಯೇ? ಆಳ ಉಲ್ಟಾ, ಅಕ್ಷರ ಸರಿ ಅಂದರೆ ಎಡ ಬಲ ಶೀಟು ಅದಲು ಬದಲಾಗಿವೆ. ಆಳವೂ ಉಲ್ಟಾ ಅಕ್ಷರವೂ ಉಲ್ಟಾ ಅಂದರೆ ಶೀಟುಗಳು ತಮ್ಮ ಜಾಗದಲ್ಲೇ ಇವೆ, ಬೆನ್ನು ಮುಖ ಮಾತ್ರ ತಪ್ಪಿದೆ. ಆಳ ಸರಿ, ಅಕ್ಷರ ಉಲ್ಟಾ ಅಂದರೆ ಎರಡು ತಪ್ಪೂ ಒಟ್ಟಿಗೆ ಆಗಿವೆ. ಈ ಮೂರನೆಯದು ಅಪಾಯದ್ದು, ಯಾಕಂದರೆ ಬೋರ್ಡ್ ಇಲ್ಲದ ಚಿತ್ರದಲ್ಲಿ ಅದು ಗೊತ್ತೇ ಆಗುವುದಿಲ್ಲ. ಬಾದಾಮಿಯ ಭೂತನಾಥ ಗುಡಿ ಕೆರೆಯ ಆ ತುದಿಗೆ ಇರಬೇಕಾದ್ದು ಈ ತುದಿಗೆ ಇರುತ್ತದೆ, ಊರವರು ನೋಡಿದರೆ ಮಾತ್ರ ಹಿಡಿಯುತ್ತಾರೆ.

ಒಂದೊಂದು ಕಣ್ಣಿಗೆ ಒಂದೇ ಕನ್ನಡಿಯಲ್ಲಿ ಪ್ರತಿಫಲಿಸಿ ನೋಡುವ ವ್ಯೂವರಿನಲ್ಲಿ ಎಮಲ್ಷನ್ ಬದಿ, ಅಂದರೆ ಚಿತ್ರ ಮೂಡುವ ಲೇಪ ಇರುವ ಬದಿ, ಕನ್ನಡಿಯ ಕಡೆಗೆ ಇರಬೇಕು. ಕನ್ನಡಿ ಇಲ್ಲದೆ ನೇರವಾಗಿ ನೋಡುವಾಗ, ಅಥವಾ ಒಂದೊಂದು ಕಣ್ಣಿಗೆ ಎರಡೆರಡು ಕನ್ನಡಿ ಇರುವ ವ್ಯೂವರಿನಲ್ಲಿ, ಎಮಲ್ಷನ್ ನಿಮ್ಮಿಂದ ಆಚೆಗೆ ಇರಬೇಕು. ಯಾವುದು ಎಮಲ್ಷನ್ ಬದಿ ಅಂತ ಗೊತ್ತಾಗದಿದ್ದರೆ ಶೀಟನ್ನು ಉದ್ದಕ್ಕೆ ನಿಲ್ಲಿಸಿ ಹಿಡಿದುಕೊಳ್ಳಿ. ಫಿಲ್ಮಿನ ಅಂಚಿನಲ್ಲಿ ಮೊದಲೇ ಇರುವ ಕಚ್ಚು ಬಲಗಡೆ ಮೇಲಿನ ಮೂಲೆಗೆ ಬಂದಾಗ ಎಮಲ್ಷನ್ ನಿಮ್ಮ ಕಡೆಗಿರುತ್ತದೆ.

ಎರಡು ಲೆನ್ಸಿನ ಸ್ಟೀರಿಯೊ ಕ್ಯಾಮೆರಾ, ಉದಾಹರಣೆಗೆ 120 ಫಿಲ್ಮಿನ ಸೋವಿಯತ್ ಸ್ಪುಟ್ನಿಕ್ ಬಳಸುವವರಿಗೆ ಈ ತೊಂದರೆ ಬೇರೆ ದಾರಿಯಿಂದ ಬರುತ್ತದೆ. ಕ್ಯಾಮೆರಾದೊಳಗೆ ಎರಡೂ ಚಿತ್ರ ತಲೆಕೆಳಗಾಗಿ ಬೀಳುತ್ತವೆ. ನೇರ ಮಾಡಲು ಇಡೀ ಫಿಲ್ಮ್ ಪಟ್ಟಿಯನ್ನು ತಿರುಗಿಸಿದಾಗ ಎಡದ್ದು ಬಲಕ್ಕೆ ಹೋಗಿ ಕೂರುತ್ತದೆ. ಕತ್ತರಿಸಿ ಅದಲು ಬದಲು ಮಾಡಲೇಬೇಕು.

ಶೀಟ್ ಫಿಲ್ಮಿನಲ್ಲಿ ಯಾವುದು ಎಡ ಯಾವುದು ಬಲ ಅಂತ ನೆನಪಿನ ಮೇಲೆ ಬಿಡಬೇಡಿ. ಹೋಲ್ಡರಿನ, ಅಂದರೆ ಎರಡು ಬದಿಗೂ ಒಂದೊಂದು ಶೀಟ್ ಹಿಡಿಯುವ ಪೆಟ್ಟಿಗೆಯ, ಒಂದು ಬದಿಯ ಚೌಕಟ್ಟಿನ ಅಂಚಿಗೆ ಅರದಿಂದ ಒಂದು ಸಣ್ಣ ಕಚ್ಚು, ಇನ್ನೊಂದು ಬದಿಗೆ ಎರಡು ಕಚ್ಚು ಹಾಕಿಕೊಳ್ಳಿ. ಫಿಲ್ಮಿನ ಅಂಚಿನಲ್ಲಿ ಅದು ಮೂಡುತ್ತದೆ. ಒಂದು ಕಚ್ಚು ಯಾವಾಗಲೂ ಎಡ.

ನಾಲ್ಕು ಮೂಲೆ

ಆಳ ಸರಿ ಇದೆ, ಆದರೂ ಕಣ್ಣಿಗೆ ಹಿಂಸೆ ಅನ್ನುವವರಿಗೆ ಈ ಭಾಗ.

ನಮ್ಮ ಕಣ್ಣುಗುಡ್ಡೆಗಳು ಅಡ್ಡಡ್ಡ ಒಳಗೆ ತಿರುಗಲು ಸಿದ್ಧ ಇರುತ್ತವೆ. ಒಂದು ಮೇಲೆ, ಒಂದು ಕೆಳಗೆ ತಿರುಗುವುದು ಅವುಗಳ ಕೆಲಸ ಅಲ್ಲ. ಹಾಗಾಗಿ ಒಂದೇ ಬಿಂದು ಎರಡು ಶೀಟಿನಲ್ಲಿ ಮೇಲೆ ಕೆಳಗೆ ಆಗಿದ್ದರೆ ತಲೆನೋವು ಖಂಡಿತ. 150 ಮಿ.ಮೀ. ಮಸೂರದಿಂದ ನೋಡುವಾಗ ಅರ್ಧ ಮಿ.ಮೀ. ವ್ಯತ್ಯಾಸ ಅಂದರೆ ಸುಮಾರು 0.2 ಡಿಗ್ರಿ. ಅದಕ್ಕಿಂತ ಜಾಸ್ತಿ ಇರುವ ಜೋಡಿಯನ್ನು ನಾನು ಯಾರಿಗೂ ತೋರಿಸುವುದಿಲ್ಲ.

ಅಳೆಯುವುದು ಹೀಗೆ. ಎರಡೂ ಶೀಟನ್ನು ಅಕ್ಷರ ನೇರ ಕಾಣುವಂತೆ ಲೈಟ್ ಬಾಕ್ಸ್ ಮೇಲೆ ಪಕ್ಕಪಕ್ಕ ಇಡಿ, ಎರಡರ ಕೆಳಗಿನ ಅಂಚೂ ಒಂದು ಉಕ್ಕಿನ ಸ್ಕೇಲಿಗೆ ತಾಗಿರಲಿ. ಪಾರದರ್ಶಕ ಹಾಳೆಯ ಮೇಲೆ ಮಿ.ಮೀ. ಗ್ರಾಫ್ ಪ್ರಿಂಟ್ ಮಾಡಿಸಿ ಮೇಲೆ ಹಾಸಿ. ಬಟ್ಟೆ ವ್ಯಾಪಾರಿಗಳು ಎಳೆ ಎಣಿಸಲು ಇಟ್ಟುಕೊಳ್ಳುವ ಮಡಚುವ ಭೂತಗನ್ನಡಿ ಇದಕ್ಕೆ ಹೇಳಿ ಮಾಡಿಸಿದ್ದು. ನಾಲ್ಕು ಮೂಲೆಗೂ ಹತ್ತಿರ ಒಂದೊಂದು ಬಿಂದು ಆರಿಸಿ, ಆದಷ್ಟು ದೂರದ ವಸ್ತುವಿನ ಮೇಲೆ. ಪಟ್ಟದಕಲ್ಲಿನ ಚಿತ್ರವಾದರೆ ಹಿಂದಿನ ಗುಡಿಗಳ ಶಿಖರದ ಅಂಚು, ದೂರದ ಗೋಡೆಯ ಕಲ್ಲಿನ ಸಂದು, ಇಂಥ ಚೂಪಾದ ಗುರುತು. ಒಂದೊಂದರ ಎತ್ತರ ಎರಡೂ ಶೀಟಿನಲ್ಲಿ ಬರೆದುಕೊಳ್ಳಿ. ಬಲ ಶೀಟಿನಲ್ಲಿ ಮೇಲಿದ್ದರೆ ಪ್ಲಸ್, ಕೆಳಗಿದ್ದರೆ ಮೈನಸ್. ಒಂದು ಚೌಕ ಬರೆದು ಮೂಲೆಗೆ ಆಯಾ ಅಂಕಿ ಹಾಕಿ. ಈಗ ಆ ಚೌಕವನ್ನು ನೋಡಿ.

ನಾಲ್ಕೂ ಮೂಲೆಯಲ್ಲಿ ಒಂದೇ ಚಿಹ್ನೆ, ಹೆಚ್ಚು ಕಡಿಮೆ ಒಂದೇ ಅಂಕಿ ಇದ್ದರೆ ಒಂದು ಶೀಟ್ ಪೂರ್ತಿ ಮೇಲೆ ಸರಿದಿದೆ ಅಂತ. ಕ್ಯಾಮೆರಾ ಜಾರಿಸುವಾಗ ಮೂತಿ ಒಂದಿಷ್ಟು ಮೇಲಕ್ಕೋ ಕೆಳಕ್ಕೋ ಬಾಗಿರುತ್ತದೆ. 0.2 ಡಿಗ್ರಿ ಬಾಗಿದರೂ ಫಿಲ್ಮಿನ ಮೇಲೆ ಅರ್ಧ ಮಿ.ಮೀ. ಆಗುತ್ತದೆ. ಇದು ಸುಲಭದ ರೋಗ: ಕೂರಿಸುವಾಗ ಆ ಶೀಟನ್ನು ಅಷ್ಟು ಇಳಿಸಿ ಟೇಪ್ ಹಚ್ಚಿದರೆ ಮುಗಿಯಿತು.

ಎಡಗಡೆಯ ಎರಡೂ ಮೂಲೆ ಪ್ಲಸ್, ಬಲಗಡೆಯ ಎರಡೂ ಮೈನಸ್, ಅಥವಾ ಇದರ ಉಲ್ಟಾ ಬಂದರೆ ಶೀಟ್ ತಿರುಗಿದೆ. ಒಂದು ಡಿಗ್ರಿ ತಿರುಗಿದರೆ ನಡುವಿನಿಂದ 60 ಮಿ.ಮೀ. ದೂರದ ಅಂಚಿನಲ್ಲಿ ಒಂದು ಮಿ.ಮೀ. ಏರುಪೇರು. ಫಿಲ್ಮ್ ಹೋಲ್ಡರಿನಲ್ಲಿ ಸಡಿಲವಾಗಿ ಓರೆ ಕೂತಿರಬಹುದು, ಇಲ್ಲವೇ ಟ್ರೈಪಾಡಿನ ತಲೆ ಒಂದು ಬದಿಗೆ ವಾಲಿರಬಹುದು. ಯಾವುದು ಅಂತ ತಿಳಿಯಲು ಚಿತ್ರದ ಕಪ್ಪು ಅಂಚು ನೋಡಿ. ಚೌಕಟ್ಟಿನ ಗೆರೆಯೇ ಫಿಲ್ಮಿನ ಅಂಚಿಗೆ ಓರೆ ಇದ್ದರೆ ಹೋಲ್ಡರ್, ಗೆರೆ ನೇರ ಇದ್ದು ಚಿತ್ರ ಮಾತ್ರ ಓರೆ ಇದ್ದರೆ ಟ್ರೈಪಾಡ್. ಇದನ್ನೂ ಕೂರಿಸುವಾಗ ತಿರುಗಿಸಿ ಸರಿ ಮಾಡಬಹುದು.

ಮೇಲಿನ ಎರಡೂ ಪ್ಲಸ್, ಕೆಳಗಿನ ಎರಡೂ ಮೈನಸ್ ಬಂದರೆ ಬಲ ಶೀಟಿನ ಚಿತ್ರವೇ ದೊಡ್ಡದಾಗಿದೆ. ಇದು ಕೆಟ್ಟದ್ದು, ಸರಿಸಿದರೂ ತಿರುಗಿಸಿದರೂ ಹೋಗುವುದಿಲ್ಲ. ಕಾರಣ ಬಹುಪಾಲು ಒಂದೇ: ಎರಡು ಶೀಟಿನ ನಡುವೆ ಫೋಕಸ್ ಮುಟ್ಟಿದ್ದಾರೆ. 150 ಮಿ.ಮೀ. ಲೆನ್ಸನ್ನು ಅನಂತದಿಂದ 5 ಮೀಟರಿಗೆ ಫೋಕಸ್ ಮಾಡಲು ಸುಮಾರು 4.6 ಮಿ.ಮೀ. ಮುಂದೆ ತರಬೇಕು. ಅಷ್ಟಕ್ಕೇ ಚಿತ್ರ ಶೇ. 3ರಷ್ಟು ದೊಡ್ಡದಾಗುತ್ತದೆ, ನಡುವಿನಿಂದ 45 ಮಿ.ಮೀ. ಮೇಲಿನ ಮೂಲೆಯಲ್ಲಿ 1.3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ. ಒಂದು ಸಲ ಫೋಕಸ್ ಮಾಡಿದ ಮೇಲೆ ಲಾಕ್ ಬಿಗಿ ಮಾಡಿ, ಎರಡೂ ಶೀಟ್ ಮುಗಿಯುವ ತನಕ ಆ ತಿರುಪಿಗೆ ಕೈ ಹಚ್ಚಬೇಡಿ. ಎರಡು ಕ್ಯಾಮೆರಾ ಕಟ್ಟಿಕೊಂಡವರಿಗೆ ಲೆನ್ಸುಗಳ ನಿಜವಾದ ಫೋಕಲ್ ದೂರವೇ ಚೂರು ಬೇರೆ ಇರಬಹುದು. ಶೇ. 1 ಬೇರೆ ಇದ್ದರೂ ಮೂಲೆಯಲ್ಲಿ ಅರ್ಧ ಮಿ.ಮೀ. ಹತ್ತಿರ ಬರುತ್ತದೆ.

ಕೊನೆಗೆ, ಎದುರು ಬದುರು ಮೂಲೆಗಳಲ್ಲಿ ಒಂದೇ ಚಿಹ್ನೆ: ಬಲ ಮೇಲೆ ಪ್ಲಸ್, ಎಡ ಕೆಳಗೆ ಪ್ಲಸ್, ಉಳಿದೆರಡು ಮೈನಸ್. ಇದು ಕ್ಯಾಮೆರಾವನ್ನು ಒಳಗೆ ತಿರುಗಿಸಿದ್ದರ ಗುರುತು. "ಎರಡೂ ಸಲ ಗೋಲ ಗುಮ್ಮಟವೇ ನಡುವಿಗೆ ಬರಲಿ" ಅಂತ ಜಾರಿಸಿದ ಮೇಲೆ ಕ್ಯಾಮೆರಾ ತಿರುಗಿಸಿರುತ್ತಾರೆ. 2 ಡಿಗ್ರಿ ತಿರುಗಿಸಿದರೆ ಮೂಲೆಯಲ್ಲಿ 0.6 ಮಿ.ಮೀ. ಬರುತ್ತದೆ. ತಿರುಗಿಸಬೇಡಿ, ಸುಮ್ನೆ ಜಾರಿಸಿ. ಗುಮ್ಮಟ ನಡುವಿಗೆ ಬರಲೇಬೇಕಿದ್ದರೆ ಲೆನ್ಸ್ ಹಲಗೆಯನ್ನು ಪಕ್ಕಕ್ಕೆ ಶಿಫ್ಟ್ ಮಾಡಿ. ದೊಡ್ಡ ಕ್ಯಾಮೆರಾ ಇಟ್ಟುಕೊಂಡಿರುವುದೇ ಅದಕ್ಕೆ ಅಲ್ವಾ?

ಚೌಕ ಗೋಜಲಾಗಿ ಬಂದರೆ ಗಾಬರಿ ಬೇಡ, ಎರಡು ದೋಷ ಕೂಡಿರುತ್ತವೆ. ನಾಲ್ಕರ ಸರಾಸರಿ ತೆಗೆದು ಪ್ರತಿಯೊಂದರಿಂದ ಕಳೆಯಿರಿ, ಉಳಿದದ್ದರಲ್ಲಿ ನಮೂನೆ ಎದ್ದು ಕಾಣುತ್ತದೆ. ದೂರದ ಬಿಂದುಗಳೆಲ್ಲ ಸರಿ ಇದ್ದು ತೀರಾ ಹತ್ತಿರದ ಕಲ್ಲು ಮಾತ್ರ ಮೇಲೆ ಕೆಳಗೆ ಆಗಿದ್ದರೆ ಜಾರುವ ಪಟ್ಟಿ ಇಳಿಜಾರಾಗಿತ್ತು ಅಂತ. ಆದರೆ ಪಟ್ಟಿಯ ಇಳಿಜಾರಿಗೆ ಹೆದರುವಷ್ಟು ಹೆದರಬೇಕಿಲ್ಲ. ಒಂದು ಡಿಗ್ರಿ ಇಳಿಜಾರಿದ್ದರೂ ಹತ್ತಿರದ ವಸ್ತುವಿಗೆ 0.1 ಮಿ.ಮೀ.ಗಿಂತ ಕಡಿಮೆ ವ್ಯತ್ಯಾಸ. ಅದೇ ಒಂದು ಡಿಗ್ರಿ ಕ್ಯಾಮೆರಾದ ಮೂತಿ ಬಾಗಿದರೆ 2.6 ಮಿ.ಮೀ. ಪಟ್ಟಿಗೆ ಸ್ಪಿರಿಟ್ ಲೆವೆಲ್ ಇಟ್ಟು ಸಮಾಧಾನಪಟ್ಟುಕೊಳ್ಳುವವರು ಕ್ಯಾಮೆರಾಗೆ ಇಡುವುದನ್ನು ಮರೆಯುತ್ತಾರೆ.

ಇವೆಲ್ಲಕ್ಕೂ ಮದ್ದು ಗ್ರೌಂಡ್ ಗ್ಲಾಸಿನಲ್ಲೇ, ಅಂದರೆ ಕ್ಯಾಮೆರಾದ ಹಿಂದೆ ಚಿತ್ರ ಬಿದ್ದು ಕಾಣುವ ಮಬ್ಬು ಗಾಜಿನಲ್ಲೇ ಇದೆ. ಚೌಕ ಗೆರೆ ಇರುವ ಗ್ಲಾಸ್ ಹಾಕಿಸಿ. ತೀರಾ ದೂರದ ಒಂದು ಗುರುತು, ಮೊಬೈಲ್ ಟವರ್ ಆದರೂ ನಡೆಯುತ್ತದೆ, ಎಡ ಚಿತ್ರಕ್ಕೆ ಯಾವ ಗೆರೆಗಳ ಮೇಲೆ ಕೂತಿದೆ ನೋಡಿಕೊಳ್ಳಿ. ಜಾರಿಸಿದ ಮೇಲೆ ಅದು ಅದೇ ಗೆರೆಗಳ ಮೇಲೆ ಇರಬೇಕು, ಅಡ್ಡಕ್ಕೂ ಉದ್ದಕ್ಕೂ. ಇದ್ದರೆ ಕ್ಯಾಮೆರಾ ಬಾಗಿಲ್ಲ, ತಿರುಗಿಲ್ಲ.

ಆಳ ಸಾಲದು, ಅಥವಾ ಜಾಸ್ತಿ

ಗೋಲ ಗುಮ್ಮಟದ ಹೊರ ಸುತ್ತಿನ ವ್ಯಾಸ ಸುಮಾರು 44 ಮೀಟರ್. 1656ರ ಹೊತ್ತಿಗೆ ಮುಗಿದ ಆ ಕಟ್ಟಡವನ್ನು ತೋಟದ ದಾರಿಯಿಂದ ನೋಡಿ ಚಿತ್ರ ತೆಗೆದರೆ ಅದು ಸಪಾಟಾಗಿ ರಟ್ಟಿನಲ್ಲಿ ಕತ್ತರಿಸಿದಂತೆ ಬರುತ್ತದೆ ಅನ್ನುವುದು ಎಲ್ಲರ ದೂರು. ಕಾರಣ ಅಂತರ. ಕಣ್ಣಿನಷ್ಟೇ 65 ಮಿ.ಮೀ. ಜಾರಿಸಿದರೆ 15 ಮೀಟರ್ ದೂರದ ಗಿಡಕ್ಕೂ ಅನಂತಕ್ಕೂ ಫಿಲ್ಮಿನ ಮೇಲೆ ಬರುವ ವ್ಯತ್ಯಾಸ 0.65 ಮಿ.ಮೀ. ಮಾತ್ರ. ಹತ್ತಿರದ ವಸ್ತುವಿನ ದೂರವನ್ನು 30ರಿಂದ ಭಾಗಿಸಿ, ಅಷ್ಟು ಜಾರಿಸಿ. 15 ಮೀಟರಿಗೆ ಅರ್ಧ ಮೀಟರ್. ಆಗ ವ್ಯತ್ಯಾಸ 5 ಮಿ.ಮೀ. ಆಗುತ್ತದೆ, ನೋಡಲು ಹಿತ. ಅದಕ್ಕಿಂತ ಜಾಸ್ತಿ ಹೋದರೆ ಕಣ್ಣು ಕೂಡಿಸಲು ಒದ್ದಾಡುತ್ತದೆ, ಗುಮ್ಮಟವೂ ಮೇಜಿನ ಮೇಲಿನ ಮಾದರಿಯಷ್ಟು ಚಿಕ್ಕದಾಗಿ ಕಾಣುತ್ತದೆ. ಬಾದಾಮಿಯ ಅಗಸ್ತ್ಯ ಕೆರೆಯ ಈ ದಂಡೆಯಿಂದ ಆ ದಂಡೆಯನ್ನು ತೆಗೆಯುವಾಗ ಮುಂದೆ ಬರೀ ನೀರು ಬಿಟ್ಟು ಹತ್ತಿರದ ವಸ್ತು 150 ಮೀಟರ್ ದೂರ ಇದ್ದರೆ ಲೆಕ್ಕದ ಪ್ರಕಾರ 5 ಮೀಟರ್ ಬರುತ್ತದೆ. ನಾನು ಅದರ ಅರ್ಧಕ್ಕೇ ನಿಲ್ಲಿಸುತ್ತೇನೆ. ಬಾದಾಮಿಯ ಬಂಡೆ ದೊಡ್ಡದಾಗಿಯೇ ಕಾಣಬೇಕು, ಆಟಿಕೆ ಆಗಬಾರದು.

ಅಂತರ ಸರಿ ಇದ್ದೂ ಸಪಾಟಾಗಿದ್ದರೆ ಲೆನ್ಸುಗಳನ್ನು ಹೋಲಿಸಿ. ತೆಗೆದ ಲೆನ್ಸಿನ ಫೋಕಲ್ ದೂರಕ್ಕಿಂತ ನೋಡುವ ಮಸೂರದ್ದು ಕಡಿಮೆ ಇದ್ದರೆ ಆಳ ಕುಗ್ಗುತ್ತದೆ, ಹೆಚ್ಚಿದ್ದರೆ ಹಿಗ್ಗುತ್ತದೆ. 300ರಲ್ಲಿ ತೆಗೆದು 150ರಲ್ಲಿ ನೋಡಿದರೆ ರಟ್ಟು, 90ರಲ್ಲಿ ತೆಗೆದು 150ರಲ್ಲಿ ನೋಡಿದರೆ ಗುಡಿಯ ಪಡಸಾಲೆ ಉದ್ದಕ್ಕೆ ಎಳೆದಂತೆ ಕಾಣುತ್ತದೆ.

ಒಂದು ಜೋಡಿಗೆ ಎರಡು ಶೀಟ್, ಸ್ಲೈಡ್ ಫಿಲ್ಮಿನ ಬೆಲೆ ನಿಮಗೆ ಗೊತ್ತೇ ಇದೆ. ಮೊದಲು ಅದೇ ಪಟ್ಟಿಯ ಮೇಲೆ ಮೊಬೈಲ್ ಇಟ್ಟು ಎರಡು ಫೋಟೋ ತೆಗೆದು ನೋಡಿ, ಅಂತರ ಸಾಕೋ ಬೇಕೋ ಅಲ್ಲೇ ಗೊತ್ತಾಗುತ್ತದೆ.

ಒಂದು ಕಣ್ಣಿಗೆ ಕಂಡದ್ದು ಇನ್ನೊಂದಕ್ಕೆ ಇಲ್ಲ

ಒಂದೇ ಕ್ಯಾಮೆರಾದವರ ದೊಡ್ಡ ಶತ್ರು ಸಮಯ. ಸೂರ್ಯ ಗಂಟೆಗೆ 15 ಡಿಗ್ರಿ, ಅಂದರೆ 4 ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಕಂಬದ ನೆರಳು 5 ಮೀಟರ್ ಉದ್ದ ಇದ್ದರೆ, ಒಂದು ಡಿಗ್ರಿ ತಿರುಗುವಷ್ಟರಲ್ಲಿ ಅದರ ತುದಿ ಸುಮಾರು 9 ಸೆಂ.ಮೀ. ಸರಿದಿರುತ್ತದೆ. ನೀವು ಕ್ಯಾಮೆರಾವನ್ನು ಜಾರಿಸಿದ್ದೇ 10 ಸೆಂ.ಮೀ. ಆಗಿದ್ದರೆ ಏನಾಗುತ್ತದೆ ನೋಡಿ. ನೆರಳು ನೆಲದ ಮೇಲೆ ಮಲಗುವುದಿಲ್ಲ, ನೆಲದಿಂದ ಎದ್ದು ಗಾಳಿಯಲ್ಲಿ ನಿಲ್ಲುತ್ತದೆ, ಇಲ್ಲವೇ ನೆಲದೊಳಗೆ ಇಳಿಯುತ್ತದೆ. ಎಡ ಚಿತ್ರ ಮೊದಲು ತೆಗೆದಿದ್ದು, ಆಮೇಲೆ ನೆರಳು ಬಲಕ್ಕೆ ಸರಿದಿದ್ದರೆ ಇಳಿಯುತ್ತದೆ. ಎಡಕ್ಕೆ ಸರಿದಿದ್ದರೆ ಏಳುತ್ತದೆ. ಮೋಡಕ್ಕೂ ಇದೇ ಲೆಕ್ಕ, ಇನ್ನೂ ಜೋರಾಗಿ: ತಪ್ಪು ಕಡೆ ಸರಿದ ಮೋಡ ಗುಮ್ಮಟದ ಮುಂದೆ ಬಂದು ಕೂರುತ್ತದೆ. ಡಿಸೆಂಬರ್, ಜನವರಿಯಲ್ಲಿ ವಿಜಯಪುರದ ಕಡೆ ಆಕಾಶ ಸ್ವಚ್ಛ ಇರುವ ದಿನಗಳು ಸಾಕಷ್ಟು ಸಿಗುತ್ತವೆ. ದೊಡ್ಡ ಜೋಡಿಗಳನ್ನು ಆಗ ಇಟ್ಟುಕೊಳ್ಳಿ.

ಹೋಲ್ಡರ್ ಮಗುಚಿ, ಡಾರ್ಕ್ ಸ್ಲೈಡ್ (ಫಿಲ್ಮಿಗೆ ಬೆಳಕು ತಾಗದಂತೆ ಮುಚ್ಚುವ ಹಲಗೆ) ಎಳೆದು, ಜಾರಿಸಿ, ಶಟರ್ ಒತ್ತುವುದು ಅರ್ಧ ನಿಮಿಷದೊಳಗೆ ಆಗಬೇಕು. ಮನೆಯಲ್ಲಿ ಫಿಲ್ಮ್ ಇಲ್ಲದೆ ಅಭ್ಯಾಸ ಮಾಡಿ. ಜಾರುವ ಪಟ್ಟಿಗೆ ಎರಡೂ ತುದಿಗೆ ತಡೆ ಹಾಕಿಸಿದರೆ ಅಳೆಯುವ ಹೊತ್ತು ಉಳಿಯುತ್ತದೆ.

ಗಾಳಿಗೆ ತೂಗುವ ಜೋಳದ ಹೊಲ ಮುಂದಿದ್ದರೆ ಒಂಟಿ ಕ್ಯಾಮೆರಾದಿಂದ ಸಾಧ್ಯವಿಲ್ಲ ಅಂತ ಒಪ್ಪಿಕೊಳ್ಳಿ. ಒಂದೊಂದು ತೆನೆಯೂ ಎರಡು ಕಣ್ಣಿಗೆ ಎರಡು ಜಾಗದಲ್ಲಿ ಇರುತ್ತದೆ, ಹೊಲ ಪೂರ್ತಿ ಮಿಣಮಿಣ ಅನ್ನುತ್ತದೆ. ಬೆಳಿಗ್ಗೆ ಗಾಳಿ ಏಳುವ ಮುಂಚೆ ಹೋಗಿ. ಬಾದಾಮಿಯ ಮಂಗಗಳ ವಿಷಯ ಬೇರೆ ಹೇಳಬೇಕಿಲ್ಲ. ಒಂದು ಶೀಟಿನಲ್ಲಿ ಮೆಟ್ಟಿಲ ಮೇಲೆ ಕೂತಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ, ನೋಡುವಾಗ ಪಾರದರ್ಶಕ ಮಂಗ ಕಾಣುತ್ತದೆ. ಅಂದ ಹಾಗೆ, ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಕೇಳಿ. ಅಲ್ಲಿ ನಿಂತು ಮಾತಾಡುವಷ್ಟರಲ್ಲಿ ಬೆಳಕು ಹೋಗಿರುತ್ತದೆ.

ಒಂದು ಕಪ್ಪು, ಒಂದು ಬಿಳಿಚು

ಸ್ಲೈಡ್ ಫಿಲ್ಮಿನಲ್ಲಿ ಅರ್ಧ ಸ್ಟಾಪ್ ವ್ಯತ್ಯಾಸವೂ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಎದ್ದು ಕಾಣುತ್ತದೆ. ಮೊದಲು ಬೆಳಕು ತಾಗದ ಅಂಚಿನ ಕಪ್ಪನ್ನು ನೋಡಿ. ಎರಡು ಶೀಟಿನ ಅಂಚಿನ ಕಪ್ಪು ಒಂದೇ ತರ ಇದ್ದು ಚಿತ್ರ ಮಾತ್ರ ಬೇರೆ ಇದ್ದರೆ ತಪ್ಪು ಎಕ್ಸ್‌ಪೋಶರಿನದು: ನಡುವೆ ಮೋಡ ಬಂದಿರುತ್ತದೆ, ಅಪರ್ಚರ್ ಕಡ್ಡಿಗೆ ಬೆರಳು ತಾಗಿರುತ್ತದೆ, ಎರಡು ಕ್ಯಾಮೆರಾ ಇದ್ದರೆ ಹಳೇ ಶಟರ್ ಒಂದು ನಿಧಾನ ಆಗಿರುತ್ತದೆ. ಅಂಚಿನ ಕಪ್ಪೇ ಒಂದರಲ್ಲಿ ಕಂದು ಕಡೆ, ಒಂದರಲ್ಲಿ ಹಸಿರು ಕಡೆ ಇದ್ದರೆ ತಪ್ಪು ಡೆವಲಪಿಂಗಿನದು. ಸ್ಲೈಡ್ ಫಿಲ್ಮ್ ತೊಳೆಯುವ ಇ-6 ಪದ್ಧತಿಯಲ್ಲಿ ಮೊದಲ ಡೆವಲಪರ್ 38 ಡಿಗ್ರಿಯಲ್ಲಿ 6 ನಿಮಿಷ, ಅಲ್ಲಿ ಚೂರು ಏರುಪೇರಾದರೂ ಚಿತ್ರದ ಕಪ್ಪು ಬಿಳುಪು ಬದಲಾಗುತ್ತದೆ. ಜೋಡಿಯ ಎರಡು ಶೀಟನ್ನೂ ಒಂದೇ ಟ್ಯಾಂಕಿನಲ್ಲಿ ಒಂದೇ ಸಲ ತೊಳೆಯಿರಿ. ಬೇರೆಯವರಿಗೆ ಕೊಡುವಾಗ ಇದನ್ನು ಬರೆದೇ ಕೊಡಿ.

ಕಪ್ಪು ಅಂಚಿನ ಒಂದು ಕಡೆ ಮಾತ್ರ ಮಬ್ಬು ಬೆಳಕು ಹರಡಿದ್ದರೆ ಬೆಳಕು ಸೋರಿದೆ. ಚಿತ್ರ ತಲೆಕೆಳಗಾಗಿ ಬೀಳುವುದನ್ನು ಮರೆಯಬೇಡಿ: ಆಕಾಶದ ಕಡೆ ಮಬ್ಬಿದ್ದರೆ ಹೋಲ್ಡರಿನ ಕೆಳಭಾಗ ನೋಡಬೇಕು. ನಮ್ಮ ಬಿಸಿಲಿಗೆ ಹೋಲ್ಡರಿನ ಬಾಯಿಯ ಮಖಮಲ್ಲು ಸವೆದಿದ್ದರೆ ಸಾಕು, ಡಾರ್ಕ್ ಸ್ಲೈಡ್ ಎಳೆಯುವಾಗ ಬೆಳಕು ನುಗ್ಗುತ್ತದೆ. ಎಳೆಯುವಾಗ ಕರಿ ಬಟ್ಟೆ ಹೊದಿಸಿ. ಬೆಲ್ಲೋಸಿನ (ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆಯ ಚೀಲ) ಮಡಿಕೆಯಲ್ಲಿ ತೂತು ಇದೆಯೇ ಅಂತ ನೋಡಲು ಕತ್ತಲೆ ಕೋಣೆಯಲ್ಲಿ ಒಳಗೆ ಟಾರ್ಚ್ ಇಟ್ಟು ಹೊರಗಿಂದ ಸುತ್ತ ನೋಡಿ.

ಚೌಕಟ್ಟು ಮತ್ತು ಗಾಜು

ಎಲ್ಲ ಅಳತೆ ಸರಿ ಬಂದರೂ ಅಂಚಿನಲ್ಲಿ ಏನೋ ಕಿರಿಕಿರಿ ಅನಿಸಿದರೆ, ಚೌಕಟ್ಟಿಗಿಂತ ಮುಂದೆ ಬಂದ ವಸ್ತು ಅದೇ ಚೌಕಟ್ಟಿನಿಂದ ಕತ್ತರಿಸಿಹೋಗಿದೆಯೇ ನೋಡಿ. ಹತ್ತಿರದ ಕೊಂಬೆ ಆಳದಲ್ಲಿ ಮುಂದೆ ಇದೆ ಅನ್ನುತ್ತದೆ, ಅದನ್ನು ಕತ್ತರಿಸಿದ ಅಂಚು ತಾನು ಮುಂದೆ ಅನ್ನುತ್ತದೆ, ಕಣ್ಣು ಯಾವುದನ್ನೂ ನಂಬುವುದಿಲ್ಲ. ಕಪ್ಪು ಕಾಗದದ ಚೌಕಟ್ಟನ್ನು ಎಡ ಶೀಟಿನ ಎಡ ಅಂಚಿನಲ್ಲಿ, ಬಲ ಶೀಟಿನ ಬಲ ಅಂಚಿನಲ್ಲಿ ಒಂದೆರಡು ಮಿ.ಮೀ. ಒಳಗೆ ತನ್ನಿ. ಚೌಕಟ್ಟು ಮುಂದೆ ಬರುತ್ತದೆ, ಕೊಂಬೆ ಕಿಟಕಿಯ ಆಚೆಗೆ ಹೋಗುತ್ತದೆ.

ಶೀಟನ್ನು ಗಾಜಿನ ನಡುವೆ ಇಟ್ಟಾಗ ಬಣ್ಣಬಣ್ಣದ ಉಂಗುರ ಕಂಡರೆ ಅವು ನ್ಯೂಟನ್ ಉಂಗುರ, ನಯವಾದ ಬೇಸ್ ಬದಿ (ಎಮಲ್ಷನ್ ಇಲ್ಲದ ಬದಿ) ನಯವಾದ ಗಾಜಿಗೆ ಅಂಟಿದಾಗ ಬರುತ್ತವೆ. ಬೇಸ್ ಕಡೆಗೆ ಮಾತ್ರ ಉಂಗುರ ತಡೆಯುವ ಸಣ್ಣ ಒರಟಿನ ಗಾಜು ಹಾಕಿ. ಅದು ಸಿಗದಿದ್ದರೆ ಗಾಜೇ ಬೇಡ, ಅಂಚಿಗೆ ಟೇಪ್ ಹಚ್ಚಿ ಕಪ್ಪು ರಟ್ಟಿಗೆ ಕೂರಿಸಿ. ಎರಿ ಹೊಲದ ದೂಳು ಗಾಜಿನೊಳಗೆ ಸೇರಿದರೆ ಮಸೂರದಲ್ಲಿ ಒಂದೊಂದು ಕಣವೂ ಗಾಳಿಯಲ್ಲಿ ತೇಲುವ ಕಲ್ಲಿನಂತೆ ಕಾಣುತ್ತದೆ, ಯಾಕಂದರೆ ಅದು ಒಂದೇ ಕಣ್ಣಿನ ಶೀಟಿನಲ್ಲಿ ಇರುತ್ತದೆ. ಮಳೆಗಾಲದಲ್ಲಿ ಗಾಜಿಗೆ ಹಾಕಬೇಡಿ, ಒಳಗೆ ಪಸೆ ಸಿಕ್ಕಿಕೊಂಡು ಬೂಸಲು ಬರುತ್ತದೆ. ಶೀಟುಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಟ್ಟು, ಚಳಿಗಾಲದ ಒಣ ಹವೆಯಲ್ಲಿ ಕೂರಿಸಿ.